ಚಾ ಹುಡಿ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನ ಭವಂತಿ ಸ್ಟ್ರೀಟಿನ ಹತ್ತಿರ ಅಪ್ಪ ಹಾಕಿದ ಚಾ ಹುಡಿ ಅಂಗಡಿಯಲ್ಲಿ ನಾನು ಕೂತುಕೊಳ್ಳಲು ಶುರು ಮಾಡಿ 26 ವರ್ಷವಾಯಿತು. ಕಾಲು ಕಿಲೋ ಹುಡಿ ತೂಗಿ ಕಟ್ಟಿ ಕೊಡುವಷ್ಟರಲ್ಲಿ ಗಿರಾಕಿಗಳು ಒಂದಾದರೂ ಪ್ರಶ್ನೆ ಕೇಳುತ್ತಾರೆ. ಕೆಲವರು ಮನೆ ಮುಟ್ಟಿದ ಮೇಲೆ ಫೋನ್ ಮಾಡುತ್ತಾರೆ. ಕುಂದಾಪುರ ಕಡೆಯ ಇಬ್ಬರು ಹಿರಿಯರು ಈಗಲೂ ಕಾಗದ ಬರೆಯುತ್ತಾರೆ. ಹೆಚ್ಚು ಸಲ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಾನು ಡಾಕ್ಟರಲ್ಲ. ಆರೋಗ್ಯದ ಬಗ್ಗೆ ಬರೆದಿರುವುದು ಓದಿ, ತಿಳಿದವರನ್ನು ವಿಚಾರಿಸಿ ಖಚಿತ ಮಾಡಿಕೊಂಡದ್ದು. ದಿನವೂ ಮಾತ್ರೆ ನುಂಗುವವರು ನಿಮ್ಮ ಡಾಕ್ಟರರನ್ನೇ ಕೇಳಿ ಮುಂದುವರಿಯಿರಿ.

## ಹುಡಿ, ನೀರು, ಹಾಲು

ನಾವು ಚಾ ಅಂತೇವೆ, ಬೆಂಗಳೂರಲ್ಲಿ ಮಗ ಟೀ ಅಂತಾನೆ. ಸರಿ ಯಾವುದು?

ಎರಡೂ ಸರಿ, ಎರಡೂ ಚೀನಾದಿಂದ ಬಂದವು. ಕ್ಯಾಂಟನ್, ಮಕಾವು ಕಡೆಯ ಮಾತಿನಲ್ಲಿ ಅದು ‘ಚಾ’. ಅಲ್ಲಿ ವ್ಯಾಪಾರ ಮಾಡಿದ ಪೋರ್ಚುಗೀಸರು ಇಂದಿಗೂ ‘ಚಾ’ ಎಂದೇ ಹೇಳುತ್ತಾರೆ. ಫುಜಿಯನ್ ಕರಾವಳಿಯವರು ‘ತೆ’ ಅನ್ನುತ್ತಿದ್ದರು. ಡಚ್ಚರು ಅದನ್ನು ಯುರೋಪಿಗೆ ಒಯ್ದರು, ಇಂಗ್ಲಿಷರ ಬಾಯಲ್ಲಿ ‘ಟೀ’ ಆಯಿತು. ತುಳುವಿನಲ್ಲಿ ‘ಚಾ ಪರ್ಕ’ ಅಂದಾಗ ಆಗುವ ಖುಷಿ ನನಗೆ ‘ಟೀ ಕುಡಿಯೋಣ’ ಅಂದಾಗ ಆಗುವುದಿಲ್ಲ. ಅದು ಅಭ್ಯಾಸಬಲ ಇರಬಹುದು.

ಗ್ರೀನ್ ಟೀ ಅಂದ್ರೆ ಬೇರೆ ಗಿಡವಾ ಅಕ್ಕಾ?

ಅಲ್ಲ. ಹಸಿರು, ಕಪ್ಪು, ಬಿಳಿ, ಊಲಾಂಗ್ ಎಲ್ಲವೂ ಒಂದೇ ಗಿಡದ ಚಿಗುರು. ಗಿಡದ ಹೆಸರು ಕೆಮೆಲಿಯಾ ಸೈನೆನ್ಸಿಸ್. ಚೀನಾದ ಸಣ್ಣ ಎಲೆಯದ್ದು, ಅಸ್ಸಾಮಿನ ದೊಡ್ಡ ಎಲೆಯದ್ದು ಎಂದು ಮುಖ್ಯವಾಗಿ ಎರಡು ತಳಿ ಉಂಟು. ಬೇರೆಯಾಗುವುದು ಕೊಯ್ದ ಮೇಲೆ. ಬಾಳೆಕಾಯಿ ಹೆಚ್ಚಿಟ್ಟರೆ ಗಾಳಿ ತಾಗಿ ಕಪ್ಪಾಗುತ್ತದಲ್ಲ, ಚಾ ಎಲೆಯನ್ನು ಜಜ್ಜಿದರೂ ಹಾಗೆಯೇ. ಪೂರ್ತಿ ಕಪ್ಪಾಗಲು ಬಿಟ್ಟು ಒಣಗಿಸಿದರೆ ನಾವು ದಿನಾ ಕುಡಿಯುವ ಚಾ. ಕೊಯ್ದ ಕೂಡಲೇ ಹಬೆಯಲ್ಲೋ ಬಿಸಿ ಬಾಣಲೆಯಲ್ಲೋ ಬಾಡಿಸಿ ಕಪ್ಪಾಗದಂತೆ ತಡೆದರೆ ಗ್ರೀನ್ ಟೀ. ನಡುವೆ ನಿಲ್ಲಿಸಿದರೆ ಊಲಾಂಗ್.

ಹಸಿರು ಚಾದಲ್ಲಿ ಕ್ಯಾಟೆಚಿನ್ ಎಂಬ ಅಂಶಗಳು ಹೆಚ್ಚು. ಕಪ್ಪಾಗುವಾಗ ಅವುಗಳಲ್ಲಿ ಬಹುಪಾಲು ಥಿಯಾಫ್ಲಾವಿನ್, ಥಿಯಾರುಬಿಗಿನ್ ಆಗಿ ಮಾರ್ಪಡುತ್ತವೆ. ನಮ್ಮ ಚಾದ ಕೆಂಪು ಬಣ್ಣ, ನಾಲಗೆಗೆ ತಾಗುವ ಚುರುಕು ಬರುವುದು ಇವುಗಳಿಂದಲೇ. ಇವೂ ದೇಹಕ್ಕೆ ಒಳ್ಳೆಯವೇ. ಬೇಡದ ಮನಸ್ಸಿನಿಂದ ಗ್ರೀನ್ ಟೀ ನುಂಗುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ರುಚಿ ಹಿಡಿದರೆ ಕುಡಿಯಿರಿ, ಹಿಡಿಸದಿದ್ದರೆ ನಿಮ್ಮ ಕೆಂಪು ಚಾ ಸಾಕು.

ಡಸ್ಟ್ ಅಂದ್ರೆ ಗುಡಿಸಿ ತಂದ ಧೂಳಾ?

ಈ ಸಂಶಯ ಪಡದ ಗಿರಾಕಿ ಅಪರೂಪ. ಡಸ್ಟ್ ಎನ್ನುವುದು ಗಾತ್ರದ ಹೆಸರು, ಕಸದ ಹೆಸರಲ್ಲ. ಎಲೆಯನ್ನು ಹಲ್ಲಿನ ರೋಲರುಗಳ ನಡುವೆ ಜಜ್ಜಿ, ಹರಿದು, ಸುರುಳಿ ಮಾಡುವ ಸಿಟಿಸಿ ಯಂತ್ರ ಅಸ್ಸಾಮಿನಲ್ಲಿ 1930ರ ದಶಕದಲ್ಲಿ ಬಂತು. ಅದರಿಂದ ಬಂದ ಕಾಳುಗಳನ್ನು ಜರಡಿ ಹಿಡಿದು ದೊಡ್ಡದು, ಮಧ್ಯಮ, ಸಣ್ಣದು, ಅತಿ ಸಣ್ಣದು ಎಂದು ಬೇರೆ ಮಾಡುತ್ತಾರೆ. ಅತಿ ಸಣ್ಣದ್ದೇ ಡಸ್ಟ್. ಸಣ್ಣದಾದಷ್ಟೂ ಬೇಗ ಬಣ್ಣ ಬಿಡುತ್ತದೆ, ಕಡಕ್ ಆಗುತ್ತದೆ. ಹೊಟೇಲಿನವರು ಅದನ್ನೇ ಕೇಳುತ್ತಾರೆ. ಪರಿಮಳ ಬೇಕಾದವರಿಗೆ ಸ್ವಲ್ಪ ದೊಡ್ಡ ಕಾಳು ಒಳ್ಳೆಯದು. ಮನೆಗೆ ನಾನು ಒಯ್ಯುವುದು ಎರಡು ಪಾಲು ಅಸ್ಸಾಂ, ಒಂದು ಪಾಲು ನೀಲಗಿರಿ ಬೆರೆಸಿದ್ದು. ಅಸ್ಸಾಮಿನದ್ದು ಹಾಲಿನೊಳಗೆ ಕಳೆದುಹೋಗುವುದಿಲ್ಲ, ನೀಲಗಿರಿಯದ್ದು ಮೂಗಿಗೆ ಹಿತ.

ನಮ್ಮ ಕರ್ನಾಟಕದಲ್ಲಿ ಚಾ ಬೆಳೀತದಾ?

ಬೆಳೆಯುತ್ತದೆ, ಸ್ವಲ್ಪವೇ. ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ದಾಟಿದರೆ ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನಲ್ಲಿ ಹಳೆಯ ಚಾ ತೋಟ ಉಂಟು. ಕೊಡಗಿನಲ್ಲೂ ಬೆಳೆಯುತ್ತಾರೆ. ಆದರೆ ಘಟ್ಟದ ಮೇಲೆ ಕಾಫಿಯದ್ದೇ ರಾಜ್ಯಭಾರ. ನಮ್ಮ ಪೇಟೆಗೆ ಬರುವ ಹುಡಿ ಹೆಚ್ಚಾಗಿ ಕೂನೂರು, ಕೊಚ್ಚಿ ಹರಾಜಿನಿಂದ ಬಂದದ್ದು ಮತ್ತು ಅಸ್ಸಾಮಿನದ್ದು.

ಹೊಟೇಲಿನ ಚಾದ ಹಾಗೆ ಮನೆಯಲ್ಲಿ ಎಂತಕ್ಕೆ ಆಗೂದಿಲ್ಲ?

ಮನೆಯಲ್ಲಿ ಹಾಲು, ನೀರು, ಹುಡಿ, ಸಕ್ಕರೆ ಎಲ್ಲವನ್ನೂ ಒಟ್ಟಿಗೆ ಸುರಿದು ಒಲೆಯ ಮೇಲೆ ಇಟ್ಟು ಬೇರೆ ಕೆಲಸಕ್ಕೆ ಹೋಗುತ್ತೇವೆ. ಹಾಲಿನಲ್ಲಿ ಹುಡಿ ಸರಿಯಾಗಿ ಬಿಟ್ಟುಕೊಳ್ಳುವುದಿಲ್ಲ. ಬಣ್ಣ ಬರಲಿಲ್ಲವೆಂದು ಮತ್ತೆ ಕುದಿಸುತ್ತೇವೆ, ಆಗ ಚೊಗರು ಬರುತ್ತದೆ, ಅದನ್ನು ಮುಚ್ಚಲು ಇನ್ನೊಂದು ಚಮಚ ಸಕ್ಕರೆ ಹಾಕುತ್ತೇವೆ.

ಹೀಗೆ ಮಾಡಿ ನೋಡಿ. ಇಬ್ಬರಿಗೆ ಒಂದು ದೊಡ್ಡ ಗ್ಲಾಸು ನೀರು, ಅಂದರೆ ಸುಮಾರು 200 ಮಿಲಿಲೀಟರು. ಅದು ಕೊತಕೊತ ಕುದಿಯುವಾಗ ಎರಡು ಸಣ್ಣ ಚಮಚ ಸಿಟಿಸಿ ಹುಡಿ, ತಲೆತಟ್ಟಿ ಹಾಕಿ. ಮಧ್ಯಮ ಉರಿಯಲ್ಲಿ ಎರಡು ನಿಮಿಷ ಕುದಿಯಲಿ. ಮೊದಲೇ ಕಾಯಿಸಿ ಬಿಸಿ ಇಟ್ಟ ಗಟ್ಟಿ ಹಾಲು ಮುಕ್ಕಾಲು ಗ್ಲಾಸು ಎರೆಯಿರಿ. ಒಂದು ಸಲ ಉಕ್ಕಿ ಬಂದ ಕೂಡಲೇ ಒಲೆ ಆರಿಸಿ, ಒಂದು ನಿಮಿಷ ಮುಚ್ಚಿಡಿ, ಸೋಸಿ. ಎತ್ತರದಿಂದ ಎರಡು ಸಲ ಎರೆದು ಆಡಿಸಿದರೆ ನೊರೆಯೂ ಬರುತ್ತದೆ, ಬಾಯಿ ಸುಡುವ ಬಿಸಿಯೂ ಇಳಿಯುತ್ತದೆ. ಹಾಲಿನ ಪ್ರೋಟೀನು ಚಾದ ಟ್ಯಾನಿನ್ನನ್ನು ಹಿಡಿದುಕೊಳ್ಳುವುದರಿಂದ ಚೊಗರು ಕಡಿಮೆಯಾಗುತ್ತದೆ. ಹಾಗಾಗಿ ನೀರು ಬೆರೆಸಿದ ತೆಳು ಹಾಲಿನಲ್ಲಿ ಎಷ್ಟು ಒಳ್ಳೆಯ ಹುಡಿ ಹಾಕಿದರೂ ಆ ಮೆತ್ತಗಿನ ರುಚಿ ಬಾರದು.

ಶುಂಠಿ ಹಾಕಿದ್ರೆ ಹಾಲು ಒಡೀತದೆ. ಬೆಲ್ಲ ಹಾಕಿದ್ರೂ ಒಡೀತದೆ. ಎಂತ ಮಾಡೂದು?

ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಕಿಣ್ವ ಉಂಟು. ಜಜ್ಜಿದ ಶುಂಠಿಯನ್ನು ಮೊದಲು ನೀರಿನಲ್ಲಿ ಮೂರು ನಿಮಿಷ ಚೆನ್ನಾಗಿ ಕುದಿಸಿದರೆ ಅದು ನಾಶವಾಗುತ್ತದೆ, ಆಮೇಲೆ ಹಾಲು ಹಾಕಬಹುದು. ಬೆಲ್ಲದಲ್ಲಿ ಹುಳಿಯ ಅಂಶ ಇರುವುದರಿಂದ ಕುದಿಯುವ ಹಾಲಿಗೆ ಬಿದ್ದರೆ ಒಡೆಯುತ್ತದೆ. ಒಲೆ ಆರಿಸಿದ ಮೇಲೆ ಗ್ಲಾಸಿಗೇ ಬೆಲ್ಲದ ಹುಡಿ ಹಾಕಿ ಕಲಸಿ.

ನಿಮ್ಮ ಹುಡಿ ಹಾಕಿದ್ರೆ ಚಾ ಇಂಗಿನ ಹಾಗೆ ಕಪ್ಪಾಗ್ತದೆ ಮಾರಾಯ್ರೆ! ಬಣ್ಣ ಬೆರೆಸಿದ್ದೀರಾ?

ಒಬ್ಬರು ಹಿರಿಯರು ಅರ್ಧ ಖಾಲಿಯಾದ ಪೊಟ್ಟಣ ತಂದು ಮೇಜಿನ ಮೇಲೆ ಇಟ್ಟು ಕೇಳಿದ ಪ್ರಶ್ನೆ ಇದು. ಅವರು ಹೇಳಿದ್ದು ಬರೆಯುವ ಇಂಕು, ನನಗೆ ಮೊದಲು ಕೇಳಿಸಿದ್ದು ಅಡುಗೆಯ ಇಂಗು. ಅದೇ ಹುಡಿಯಲ್ಲಿ ಅಂಗಡಿಯ ನೀರಿನಿಂದ ಚಾ ಮಾಡಿ ಕೊಟ್ಟೆ. ಚಿನ್ನದ ಬಣ್ಣ ಬಂತು. ಆಗ ಕೇಳಿದೆ, ‘ನಿಮ್ಮಲ್ಲಿ ಬೋರ್‌ವೆಲ್ಲಾ?’ ಹೌದಂತೆ, ಹೊಸದಾಗಿ ತೆಗೆಸಿದ್ದಂತೆ.

ನಮ್ಮದು ಮುರಕಲ್ಲಿನ ನೆಲ. ಕಲ್ಲಿಗೆ ಆ ಕೆಂಪು ಬಂದದ್ದೇ ಕಬ್ಬಿಣದಿಂದ. ಕೆಲವು ಬಾವಿ, ಬೋರ್‌ವೆಲ್ಲುಗಳ ನೀರಿನಲ್ಲಿ ಕಬ್ಬಿಣ ಕರಗಿರುತ್ತದೆ. ಕಬ್ಬಿಣ ಮತ್ತು ಚಾದ ಟ್ಯಾನಿನ್ ಸೇರಿದರೆ ನೀಲಿಗಪ್ಪು ಬಣ್ಣ ಬರುತ್ತದೆ. ಹಿಂದಿನ ಕಾಲದಲ್ಲಿ ಬರೆಯುವ ಶಾಯಿಯನ್ನು ಮಾಡುತ್ತಿದ್ದದ್ದೂ ಇದೇ ವಿದ್ಯೆಯಿಂದ. ಸೇದಿದಾಗ ತಿಳಿಯಾಗಿದ್ದ ನೀರು ಕೊಡಪಾನದಲ್ಲಿ ನಿಂತ ಮೇಲೆ ಅಡಿಯಲ್ಲಿ ಕೆಂಚು ಕಟ್ಟಿದರೆ ಕಬ್ಬಿಣವೇ ಎಂದು ತಿಳಿಯಿರಿ. ಎರಡು ಪಾತ್ರೆಗಳ ನಡುವೆ ನಾಲ್ಕೈದು ಸಲ ಎತ್ತರದಿಂದ ಎರೆದು ಗಾಳಿ ತಾಗಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿನೀರು ಮಾತ್ರ ತೆಗೆದು ಚಾ ಮಾಡಿ. ಆ ಹಿರಿಯರು ಹಾಗೆ ಮಾಡಿ ನೋಡಿ ಮರುವಾರ ಅರ್ಧ ಕಿಲೋ ಒಯ್ದರು. ತುಂಬೆ ಅಣೆಕಟ್ಟಿನಿಂದ ಬರುವ ನೇತ್ರಾವತಿಯ ನೀರು ಮೆದುನೀರು, ಚಾಕ್ಕೆ ಬಹಳ ಒಳ್ಳೆಯದು. ಗಡಸು ನೀರಿನ ಊರಿನಲ್ಲಿ ಚಾದ ಮೇಲೆ ಕೆನೆಯಲ್ಲದ ಒಂದು ಪದರ ತೇಲುವುದನ್ನು ನೋಡಿರಬಹುದು. ಅದು ನೀರಿನ ಕ್ಯಾಲ್ಸಿಯಂನ ಕೆಲಸ.

ಬಣ್ಣ ಬೆರೆಸುವವರು ಇಲ್ಲವೆಂದು ನಾನು ಹೇಳುವುದಿಲ್ಲ. ಬಿಳಿ ಬ್ಲಾಟಿಂಗ್ ಕಾಗದದ ಮೇಲೆ ಒಂದು ಚಿಟಿಕೆ ಹುಡಿ ಹರಡಿ, ಮೇಲಿಂದ ನೀರು ಚಿಮುಕಿಸಿ, ಹುಡಿಯನ್ನು ತೆಗೆದು ಕಾಗದವನ್ನು ಬೆಳಕಿಗೆ ಹಿಡಿಯಿರಿ. ಕಡು ಬಣ್ಣದ ಗೆರೆಗಳು ಮೂಡಿದ್ದರೆ ಆ ಹುಡಿ ಬೇಡ. ಹುಡಿಯ ಮೇಲೆ ಅಯಸ್ಕಾಂತ ಆಡಿಸಿದರೆ ಕಬ್ಬಿಣದ ಚೂರು ಬೆರೆತಿದ್ದರೂ ಗೊತ್ತಾಗುತ್ತದೆ. ಈ ಎರಡು ಪರೀಕ್ಷೆಗಳನ್ನು ಆಹಾರ ಸುರಕ್ಷತಾ ಪ್ರಾಧಿಕಾರವೇ ಮನೆಯವರಿಗಾಗಿ ಹೇಳಿಕೊಟ್ಟಿದೆ. ನನ್ನ ಅಂಗಡಿಯ ಹುಡಿಗೂ ಮಾಡಿ.

ಮಳೆಗಾಲದಲ್ಲಿ ಹುಡಿಯ ರುಚಿಯೇ ಹೋಗ್ತದಲ್ಲ?

ಕಾರ್ಖಾನೆಯಿಂದ ಬರುವಾಗ ಹುಡಿಯಲ್ಲಿ ತೇವ 3 ಶೇಕಡಾದ ಆಸುಪಾಸು. ನಮ್ಮ ಆಟಿ ತಿಂಗಳ ಗಾಳಿಗೆ ಡಬ್ಬದ ಮುಚ್ಚಳ ತೆರೆದಿಟ್ಟರೆ ನಾಲ್ಕೇ ದಿನದಲ್ಲಿ ಮೆತ್ತಗಾಗುತ್ತದೆ. ಚಾ ಹುಡಿ ಪರಿಮಳವನ್ನೂ ಹೀರುತ್ತದೆ. ಒಣಮೀನಿನ ಡಬ್ಬದ ಹತ್ತಿರ, ಕರ್ಪೂರದ ಹತ್ತಿರ, ಗರಂ ಮಸಾಲೆಯ ಹತ್ತಿರ ಇಡಬೇಡಿ. ಜೂನಿನಿಂದ ಸಪ್ಟೆಂಬರಿನವರೆಗೆ ಕಿಲೋ ಒಯ್ಯುವ ಬದಲು ಕಾಲು ಕಿಲೋ ಒಯ್ಯಿರಿ. ನನಗೆ ವ್ಯಾಪಾರ ಕಡಿಮೆಯಾದರೂ ಅಡ್ಡಿಯಿಲ್ಲ, ಹಳಸಿದ ಹುಡಿಯ ಚಾ ಕುಡಿದು ನನ್ನ ಅಂಗಡಿಯ ಹೆಸರು ಹೇಳುವುದು ಬೇಡ.

## ದೇಹಕ್ಕೆ

ಚಾ ಕುಡಿದ್ರೆ ನಿಜವಾಗಿ ಎಂತಾದ್ರೂ ಒಳ್ಳೇದುಂಟಾ, ಅಲ್ಲ ಬರೀ ಚಟವಾ?

ಉಂಟು. ಬ್ರಿಟನ್ನಿನಲ್ಲಿ ಸುಮಾರು 5 ಲಕ್ಷ ಜನರನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ಒಂದು ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಅಲ್ಲಿಯವರು ಕುಡಿಯುವುದು ಹೆಚ್ಚಾಗಿ ನಮ್ಮಂಥದೇ ಕಪ್ಪು ಚಾ. ದಿನಕ್ಕೆ ಎರಡು ಅಥವಾ ಹೆಚ್ಚು ಕಪ್ ಕುಡಿಯುವವರಲ್ಲಿ ಸಾವಿನ ಅಪಾಯ, ಕುಡಿಯದವರಿಗಿಂತ 9ರಿಂದ 13 ಶೇಕಡಾ ಕಡಿಮೆ ಕಂಡಿತು. ಚಾ ಕುಡಿದದ್ದರಿಂದಲೇ ಹೀಗಾಯಿತು ಎಂದು ಇಂಥ ಅಧ್ಯಯನ ಸಾಧಿಸಲಾರದು. ಆದರೆ ಚಾ ಹಾಳು ಎನ್ನುವವರಿಗೆ ಇದೊಂದು ಉತ್ತರ.

ನನಗೆ ಹೆಚ್ಚು ಇಷ್ಟವಾದ ವಿಷಯ ಥಿಯಾನಿನ್. ಇದು ಚಾ ಗಿಡದಲ್ಲಿ ಬಿಟ್ಟರೆ ಬೇರೆ ಕಡೆ ತೀರಾ ಅಪರೂಪಕ್ಕೆ ಸಿಗುವ ಅಮೈನೋ ಆಮ್ಲ. ಕೆಫೀನ್ ಎಚ್ಚರ ಕೊಡುತ್ತದೆ, ಥಿಯಾನಿನ್ ಮನಸ್ಸನ್ನು ಸಮಾಧಾನದಲ್ಲಿ ಇಡುತ್ತದೆ. ಎರಡೂ ಜೊತೆಗಿದ್ದಾಗ ಗಮನ ಚೆನ್ನಾಗಿ ನಿಲ್ಲುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದ್ದಾರೆ. ಲೆಕ್ಕ ಬರೆಯುವಾಗ, ಪರೀಕ್ಷೆಗೆ ಓದುವಾಗ ಒಂದು ಗ್ಲಾಸು ಚಾ ಬೇಕೆನಿಸುವುದು ಸುಮ್ಮನೆ ಅಲ್ಲ.

ಹಾಲು ಹಾಕಿದ್ರೆ ಒಳ್ಳೇದೆಲ್ಲ ಹೋಗ್ತದೆ ಅಂತ ಮೊಬೈಲಲ್ಲಿ ಬಂದಿದೆ.

ಅದರ ಮೂಲ 2007ರ ಒಂದು ಜರ್ಮನ್ ಪ್ರಯೋಗ. ಹಾಲು ಬೆರೆಸಿದಾಗ ಚಾದಿಂದ ರಕ್ತನಾಳ ಹಿಗ್ಗುವ ಪರಿಣಾಮ ಕಾಣಲಿಲ್ಲ. ಆದರೆ ಅದರಲ್ಲಿ ಇದ್ದದ್ದು 16 ಹೆಂಗಸರು ಮಾತ್ರ. ಮೇಲೆ ಹೇಳಿದ 5 ಲಕ್ಷ ಜನರ ಅಧ್ಯಯನದಲ್ಲಿ ಹಾಲು ಹಾಕಿದವರಿಗೂ ಹಾಕದವರಿಗೂ ದೊಡ್ಡ ವ್ಯತ್ಯಾಸವಿರಲಿಲ್ಲ. ನಿಶ್ಚಿಂತೆಯಿಂದ ಹಾಲು ಹಾಕಿ. ಹಾಲಿಲ್ಲದ ಚಾ ಅಭ್ಯಾಸ ಮಾಡಬೇಕೆಂದರೆ ಬಂದರಿನ ಕಡೆಯ ಸುಲೈಮಾನಿಯಿಂದ ಶುರು ಮಾಡಿ. ತೆಳು ಚಾ, ಒಂದು ಏಲಕ್ಕಿ, ಕೊನೆಯಲ್ಲಿ ನಿಂಬೆರಸ. ನಿಂಬೆ ಬಿದ್ದ ಕೂಡಲೇ ಬಣ್ಣ ಕಪ್ಪಿನಿಂದ ಜೇನಿನ ಬಣ್ಣಕ್ಕೆ ತಿರುಗುವುದನ್ನು ಮಕ್ಕಳಿಗೆ ತೋರಿಸಿ.

ದಿನಕ್ಕೆ ಎಷ್ಟು ಚಾ ಆಗಬಹುದು?

ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಆಹಾರ ಮಾರ್ಗಸೂಚಿ ದಿನದ ಕೆಫೀನ್ 300 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ. 150 ಮಿಲಿಲೀಟರಿನ ಒಂದು ಕಪ್ ಚಾದಲ್ಲಿ 30ರಿಂದ 65, ಅಷ್ಟೇ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ. ಲೆಕ್ಕ ಹಾಕಿದರೆ ಮೂರು ನಾಲ್ಕು ಚಾ ಯಾವ ಹೆದರಿಕೆಯೂ ಇಲ್ಲದೆ ಆಗುತ್ತದೆ. ಕಾಫಿಯನ್ನೂ ಕುಡಿಯುವವರು ಎರಡನ್ನೂ ಕೂಡಿಸಿ ಎಣಿಸಬೇಕು.

ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಕುಡಿಬಹುದಾ?

ಹೊಟ್ಟೆ ಉರಿಯದಿದ್ದರೆ ಕುಡಿಯಬಹುದು. ಉರಿ, ಹುಳಿತೇಗು ಬರುವವರು ಮೊದಲು ಒಂದು ಲೋಟ ನೀರು, ಒಂದೆರಡು ರಸ್ಕ್ ಅಥವಾ ಹಿಡಿ ಅವಲಕ್ಕಿ ತಿಂದು ಆಮೇಲೆ ಕುಡಿಯಿರಿ. ಮನೆಗೆ ಬಂದವರಿಗೆ ಮೊದಲು ಬೆಲ್ಲ-ನೀರು ಕೊಟ್ಟು ಆಮೇಲೆ ಚಾ ಕೊಡುವ ನಮ್ಮ ಹಿರಿಯರ ಕ್ರಮ ಇಲ್ಲಿಯೂ ನಡೆಯುತ್ತದೆ.

ಸಜ್ಜಿಗೆ-ಬಜಿಲ್ ಒಟ್ಟಿಗೆ ಚಾ ಇಲ್ಲದಿದ್ರೆ ಹೇಗೆ? ಅದೂ ಬೇಡ ಅಂತೀರಾ?

ಉಪ್ಪಿಟ್ಟು-ಅವಲಕ್ಕಿಯ ಈ ತಿಂಡಿಯ ಪ್ರಶ್ನೆಗೆ ಉದ್ದ ಉತ್ತರ ಬೇಕು, ಏಕೆಂದರೆ ನಮ್ಮ ಮನೆಯಲ್ಲೇ ಆದ ವಿಷಯ.

ನನ್ನ ತಂಗಿಗೆ ಎರಡನೇ ಹೆರಿಗೆಯ ನಂತರ ಹಿಮೋಗ್ಲೋಬಿನ್ ಎಂಟರ ಹತ್ತಿರ ಇಳಿದಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಕಬ್ಬಿಣದ ಮಾತ್ರೆ ಕೊಟ್ಟರು. ನಾಲ್ಕು ತಿಂಗಳು ಒಂದು ದಿನವೂ ತಪ್ಪದೆ ನುಂಗಿದಳು, ಏರಲಿಲ್ಲ. ಡಾಕ್ಟರು ಒಂದೇ ಪ್ರಶ್ನೆ ಕೇಳಿದರು, ‘ಮಾತ್ರೆಯನ್ನು ಯಾವುದರ ಒಟ್ಟಿಗೆ ನುಂಗುತ್ತೀರಿ?’ ಅವಳು ಹೇಳಿದಳು, ‘ತಿಂಡಿ ಆದ ಮೇಲೆ, ಚಾದ ಒಟ್ಟಿಗೆ.’ ಚಾ ಹುಡಿ ಅಂಗಡಿಯ ಮನೆಯವರಾದ ನಮಗೇ ಅದು ಹೊಳೆದಿರಲಿಲ್ಲ.

ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಮತ್ತು ಟ್ಯಾನಿನ್ ಸೇರಿ ಕಪ್ಪಾಗುತ್ತದೆ ಎಂದೆನಲ್ಲ, ಹೊಟ್ಟೆಯೊಳಗೂ ಅದೇ ನಡೆಯುತ್ತದೆ. ಸೊಪ್ಪು, ಬೇಳೆ, ಕಾಳುಗಳಲ್ಲಿರುವ ಕಬ್ಬಿಣವನ್ನು ಟ್ಯಾನಿನ್ ಹಿಡಿದುಕೊಂಡು ರಕ್ತಕ್ಕೆ ಸೇರದ ಹಾಗೆ ಮಾಡುತ್ತದೆ. ಊಟದ ಜೊತೆ ಚಾ ಕುಡಿದರೆ ಹೀರಿಕೆ ಅರ್ಧಕ್ಕಿಂತಲೂ ಕಡಿಮೆಯಾಗಬಹುದು. ಮೀನು, ಮಾಂಸದ ಕಬ್ಬಿಣಕ್ಕೆ ಈ ತೊಂದರೆ ಅಷ್ಟಿಲ್ಲ. ಹಾಗಾಗಿ ಸಸ್ಯಾಹಾರಿ ಮನೆಗಳಲ್ಲಿ ಹೆಚ್ಚು ಎಚ್ಚರ ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಕಂಡುಬಂದಿದೆ. ನನ್ನ ಅಂಗಡಿಗೆ ಬರುವ ಹೆಂಗಸರಲ್ಲಿ ಇಬ್ಬರಿಗೆ ಒಬ್ಬರು ಎಂದಾಯಿತು. ಮಧ್ಯಾಹ್ನ ಬೀಡಿ ಕಟ್ಟುವ ಮೊರ ಮಡಿಲಲ್ಲಿಟ್ಟು, ಗಂಜಿ ಉಂಡ ಕೂಡಲೇ ಚಾ ಕುಡಿದು ಮತ್ತೆ ಬೀಡಿ ಕಟ್ಟಲು ಕೂರುವ ಅಕ್ಕಂದಿರಿಗೆ ನಾನು ಇದನ್ನು ಬಿಡದೆ ಹೇಳುತ್ತೇನೆ.

ಚಾ ಬಿಡಬೇಕಾಗಿಲ್ಲ. ಊಟ-ತಿಂಡಿಗೆ ಒಂದು ಗಂಟೆ ಮೊದಲು ಅಥವಾ ಒಂದು ಗಂಟೆಯ ನಂತರ ಕುಡಿಯಿರಿ. ಮೇಲೆ ಹೇಳಿದ ಮಾರ್ಗಸೂಚಿಯ ಮಾತೂ ಅದೇ. ಹರಿವೆ, ಬಸಳೆ, ಹೆಸರುಕಾಳು ಉಣ್ಣುವಾಗ ನಿಂಬೆಯನ್ನೋ ನೆಲ್ಲಿಕಾಯಿಯನ್ನೋ ಸೇರಿಸಿಕೊಂಡರೆ ವಿಟಮಿನ್ ಸಿ ಕಬ್ಬಿಣದ ಹೀರಿಕೆಯನ್ನು ಹೆಚ್ಚಿಸುತ್ತದೆ. ತಂಗಿ ಮಾತ್ರೆಯನ್ನು ಹನ್ನೊಂದು ಗಂಟೆಗೆ ನಿಂಬೆ ನೀರಿನ ಜೊತೆ ನುಂಗಲು ಶುರು ಮಾಡಿದಳು. ಮೂರು ತಿಂಗಳಲ್ಲಿ ಹನ್ನೊಂದು ದಾಟಿತು. ರಕ್ತ ಸರಿಯಿರುವವರು ಭಾನುವಾರದ ಸಜ್ಜಿಗೆ-ಬಜಿಲ್ ಜೊತೆ ಚಾ ಕುಡಿಯುವುದಕ್ಕೆ ನನ್ನ ತಕರಾರಿಲ್ಲ.

ಸಕ್ಕರೆ ಕಾಯಿಲೆ ಉಂಟು. ಚಾ ಬಿಡಬೇಕಾ?

ಚಾ ಅಲ್ಲ, ಸಕ್ಕರೆ ಬಿಡಬೇಕು. ಒಂದು ಚಮಚವೆಂದರೆ 4ರಿಂದ 5 ಗ್ರಾಂ. ನಾಲ್ಕು ಗ್ಲಾಸಿಗೆ ಎರಡೆರಡು ಚಮಚದಂತೆ 35 ಗ್ರಾಮಿನ ಆಸುಪಾಸು ಆಯಿತು. ವಿಶ್ವ ಆರೋಗ್ಯ ಸಂಸ್ಥೆ ಒಳ್ಳೆಯದೆನ್ನುವ ಮಿತಿ ಇಡೀ ದಿನಕ್ಕೆ ಸುಮಾರು 25 ಗ್ರಾಂ, ಅದೂ ಆರೋಗ್ಯವಂತರಿಗೆ. ಬೆಲ್ಲ ಹಾಕಿದರೂ ರಕ್ತದ ಸಕ್ಕರೆ ಏರುತ್ತದೆ. ಒಮ್ಮೆಲೇ ಸಪ್ಪೆ ಚಾ ಕುಡಿಯಲು ಆಗದವರು ವಾರಕ್ಕೆ ಕಾಲು ಚಮಚದಂತೆ ಇಳಿಸಿ. ಎರಡು ತಿಂಗಳಲ್ಲಿ ನಾಲಗೆ ಒಪ್ಪುತ್ತದೆ, ಹುಡಿಯ ನಿಜವಾದ ರುಚಿ ಆಗಲೇ ಸಿಗುವುದು.

ಮಗುವಿಗೆ ಚಾ ಕೊಟ್ರೆ ಕಪ್ಪಾಗ್ತದಾ?

ಇಲ್ಲ. ಮೈಬಣ್ಣ ತಂದೆತಾಯಿಯಿಂದ ಬಂದದ್ದು, ಗ್ಲಾಸಿನಿಂದ ಬಂದದ್ದಲ್ಲ. ಕಪ್ಪಾದರೆ ಏನು ಕೊರತೆ ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಚಿಕ್ಕ ಮಕ್ಕಳಿಗೆ ಚಾ ಬೇಡ ಎನ್ನುವುದಕ್ಕೆ ಕಾರಣ ಬೇರೆ. ಬೆಳೆಯುವ ಮಕ್ಕಳಿಗೆ ಕಬ್ಬಿಣ ಬೇಕು, ನಿದ್ದೆ ಬೇಕು. ಚಾ ಎರಡಕ್ಕೂ ಅಡ್ಡ ಬರುತ್ತದೆ.

ಆಟಕ್ಕೆ ಹೋದಾಗ ಕುಡಿದ ಚಾ ಮರುದಿನವೂ ನಿದ್ದೆ ಕೆಡಿಸ್ತದೆ.

ಬೆಳಗಿನ ತನಕದ ಯಕ್ಷಗಾನ ಬಯಲಾಟದಲ್ಲಿ ನಡುರಾತ್ರಿಯ ಚಾದ ಸುಖವೇ ಬೇರೆ. ಚೆಂಡೆ ಏರುವ ಹೊತ್ತಿಗೆ ಗದ್ದೆಯ ಬದಿಯ ತಾತ್ಕಾಲಿಕ ಅಂಗಡಿಯಲ್ಲಿ ಬಿಸಿ ಗೋಳಿಬಜೆ, ಚಾ. ಅದನ್ನು ಬೇಡವೆನ್ನಲು ನನ್ನಿಂದ ಆಗದು. ಆದರೆ ಕುಡಿದ ಕೆಫೀನಿನ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಕಾಲಮಿತಿಯ ಆಟ ನೋಡಿ ಹನ್ನೆರಡೂವರೆಗೆ ಮನೆಗೆ ಹೋಗಿ ಮಲಗುವವರು ಹತ್ತು ಗಂಟೆಯ ಚಾ ತಪ್ಪಿಸುವುದು ಒಳ್ಳೆಯದು. ನಿದ್ದೆಯ ತೊಂದರೆ ಇರುವವರಿಗೆ ಸಂಜೆ ಐದರ ಚಾವೇ ಕೊನೆಯದಾಗಲಿ.

ಏಕಾದಶಿ ದಿನ ಮಧ್ಯಾಹ್ನವೇ ತಲೆ ಸಿಡೀತದೆ. ಪಿತ್ತವಾ?

ಉಡುಪಿಯಿಂದ ಬರೆಯುವ ಅಮ್ಮನೊಬ್ಬರ ಪ್ರಶ್ನೆ. ನಿತ್ಯ ಚಾ-ಕಾಫಿ ಕುಡಿಯುವವರು ಒಮ್ಮೆಲೇ ಬಿಟ್ಟರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ. ಕೆಫೀನ್ ಮೆದುಳಿನ ರಕ್ತನಾಳಗಳನ್ನು ಸ್ವಲ್ಪ ಬಿಗಿಯಾಗಿ ಇಟ್ಟಿರುತ್ತದೆ, ಅದು ಇಲ್ಲವಾದಾಗ ಅವು ಹಿಗ್ಗುತ್ತವೆ. ನಿರ್ಜಲ ಉಪವಾಸದಲ್ಲಿ ನೀರಿನ ಕೊರತೆಯೂ ಸೇರುತ್ತದೆ. ದಶಮಿಗೆ ನಾಲ್ಕು ದಿನ ಮೊದಲಿನಿಂದ ದಿನಕ್ಕೆ ಅರ್ಧ ಗ್ಲಾಸಿನಂತೆ ಇಳಿಸುತ್ತಾ ಬನ್ನಿ. ರಂಜಾನ್ ಉಪವಾಸದ ಗಿರಾಕಿಗಳಿಗೂ ಇದನ್ನೇ ಹೇಳುತ್ತೇನೆ, ಅವರಲ್ಲಿ ಹಲವರು ಮೊದಲ ವಾರದ ತಲೆನೋವು ತಪ್ಪಿತೆಂದು ಬಂದು ಹೇಳಿದ್ದಾರೆ.

ಸೆಕೆಗೆ ಚಾ ಕುಡಿದ್ರೆ ನೀರು ಬತ್ತಿ ಹೋಗ್ತದಂತೆ?

ಹಾಗೇನಿಲ್ಲ. ಅಭ್ಯಾಸ ಇರುವವರಿಗೆ ಚಾದ ನೀರು ನೀರಾಗಿಯೇ ಲೆಕ್ಕಕ್ಕೆ ಬರುತ್ತದೆ. ಆದರೂ ಏಪ್ರಿಲ್-ಮೇಯಲ್ಲಿ ಬೆವರು ಸುರಿಯುವಾಗ ನೀರು, ಮಜ್ಜಿಗೆ, ಬೊಂಡ (ಎಳನೀರು) ಮುಂದೆ ಇರಲಿ.

ಕುದಿ ಕುದಿ ಚಾ ಕುಡಿದ್ರೇನೇ ಸಮಾಧಾನ. ತೊಂದರೆ ಉಂಟಾ?

ಉಂಟು. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಹೇಳಿತು. ದೋಷ ಚಾದ್ದಲ್ಲ, ಬಿಸಿಯದ್ದು. ಗ್ಲಾಸಿಗೆ ಎರೆದು ನಾಲ್ಕೈದು ನಿಮಿಷ ಮಾತಾಡಿ, ಆಮೇಲೆ ಕುಡಿಯಿರಿ. ನಮ್ಮ ಅಜ್ಜ ಬಸಿಗೆ ಹೊಯ್ದು ಸೊರ್ ಎಂದು ಕುಡಿಯುತ್ತಿದ್ದರು, ಅದು ಸರಿಯಾದ ಕ್ರಮವೇ ಆಗಿತ್ತು.

## ಮಾತ್ರೆ, ಕಲ್ಲು, ಕಷಾಯ

ಥೈರಾಯ್ಡ್ ಮಾತ್ರೆ ನುಂಗಿ ಚಾ ಕುಡಿಬಹುದಾ?

ಮಾತ್ರೆ ಬರೀ ನೀರಿನಲ್ಲಿ, ಖಾಲಿ ಹೊಟ್ಟೆಗೆ. ಚಾ ಅರ್ಧದಿಂದ ಒಂದು ಗಂಟೆಯ ನಂತರ. ಮಾತ್ರೆ ಹಾಸಿಗೆಯ ಪಕ್ಕದಲ್ಲೇ ಇರಲಿ, ಎದ್ದ ಕೂಡಲೇ ನುಂಗಿ ಸ್ನಾನ ಮುಗಿಸಿ ಬಂದರೆ ಚಾದ ಹೊತ್ತಾಗಿರುತ್ತದೆ. ಬಿಪಿಯ ಕೆಲವು ಮಾತ್ರೆಗಳ ಪರಿಣಾಮವನ್ನು ಗ್ರೀನ್ ಟೀ ಕಡಿಮೆ ಮಾಡುತ್ತದೆ. ಅಂಥವರು ಡಾಕ್ಟರರನ್ನು ಕೇಳದೆ ಗ್ರೀನ್ ಟೀ ಶುರು ಮಾಡಬಾರದು.

ಬಸುರಿಯರಿಗೆ?

ಚಾ, ಕಾಫಿ ಎಲ್ಲ ಸೇರಿ ದಿನಕ್ಕೆ 200 ಮಿಲಿಗ್ರಾಂ ಕೆಫೀನಿನ ಒಳಗೆ. ಎರಡು ಸಣ್ಣ ಗ್ಲಾಸು ಚಾ ಸಾಕು, ಕಬ್ಬಿಣದ ಮಾತ್ರೆಯಿಂದ ದೂರ ಇಟ್ಟು.

ಕಿಡ್ನಿಯಲ್ಲಿ ಕಲ್ಲಾಗಿತ್ತು. ಚಾ ಬಿಟ್ಟೇಬಿಡಲಾ?

ಹೆಚ್ಚು ಮಂದಿಗೆ ಆಗುವುದು ಆಕ್ಸಲೇಟ್ ಕಲ್ಲು. ಕಪ್ಪು ಚಾದಲ್ಲಿ ಆಕ್ಸಲೇಟ್ ಇರುವುದು ನಿಜ. ಇಲ್ಲಿ ಹಾಲು ಸಹಾಯಕ್ಕೆ ಬರುತ್ತದೆ, ಅದರ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದುಕೊಳ್ಳುತ್ತದೆ. ಹಾಲು ಹಾಕಿದ ಎರಡು ಚಾ, ಜೊತೆಗೆ ದಿನವಿಡೀ ಸಾಕಷ್ಟು ನೀರು ಎಂದು ಹೆಚ್ಚಿನವರಿಗೆ ಹೇಳುತ್ತಾರೆ. ನಿಮ್ಮದು ಯಾವ ಕಲ್ಲು ಎಂದು ಪರೀಕ್ಷೆ ಮಾಡಿಸಿ ಡಾಕ್ಟರರಿಂದಲೇ ತಿಳಿದುಕೊಳ್ಳಿ.

ಗ್ರೀನ್ ಟೀ ಮಾತ್ರೆ ತೆಗೊಂಡ್ರೆ ಬೊಜ್ಜು ಕರಗ್ತದಂತೆ?

ಗ್ರೀನ್ ಟೀಯಿಂದ ತೂಕ ಇಳಿಯುವುದು ಗಮನಕ್ಕೆ ಬಾರದಷ್ಟು ಸ್ವಲ್ಪ. ಮಾತ್ರೆಯಂತೂ ಬೇಡವೇ ಬೇಡ. ಸಾರ ತೆಗೆದು ಮಾಡಿದ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳಿವೆ. ದಿನಕ್ಕೆ 800 ಮಿಲಿಗ್ರಾಂ ಇಜಿಸಿಜಿ (ಗ್ರೀನ್ ಟೀಯ ಮುಖ್ಯ ಕ್ಯಾಟೆಚಿನ್) ಅಥವಾ ಹೆಚ್ಚು ಮಾತ್ರೆಯ ರೂಪದಲ್ಲಿ ಹೋದರೆ ಯಕೃತ್ತಿಗೆ ತೊಂದರೆಯ ಲಕ್ಷಣ ಕಾಣುತ್ತದೆ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. ಗ್ಲಾಸಿನಲ್ಲಿ ಕುಡಿಯುವ ಚಾಕ್ಕೆ ಈ ಹೆದರಿಕೆ ಇಲ್ಲ.

ಚಾ ಬಿಟ್ಟು ಕಷಾಯ ಕುಡಿದ್ರೆ ಒಳ್ಳೇದಲ್ವಾ?

ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹುರಿದ ಹುಡಿಯ ಕಷಾಯವನ್ನು ರಾತ್ರಿ ಹಾಲು-ಬೆಲ್ಲ ಹಾಕಿ ಕುಡಿದರೆ ನಿದ್ದೆಗೆ ಅಡ್ಡಿಯಿಲ್ಲ, ಕೆಫೀನ್ ಇಲ್ಲವಲ್ಲ. ಮಜ್ಜಿಗೆಹುಲ್ಲಿನದ್ದೂ ಹಾಗೆಯೇ. ಆದರೆ ಇವು ಚಾ ಅಲ್ಲ, ಚಾದಲ್ಲಿ ಇರುವ ಕ್ಯಾಟೆಚಿನ್, ಥಿಯಾನಿನ್ ಇವುಗಳಲ್ಲಿ ಸಿಗುವುದಿಲ್ಲ. ನಾನು ಸಂಜೆಯವರೆಗೆ ಚಾ, ರಾತ್ರಿ ಕಷಾಯ ಎಂದು ಇಟ್ಟುಕೊಂಡಿದ್ದೇನೆ.

ಕಾಗದದ ಕಪ್ಪಲ್ಲಿ ಕುಡಿದ್ರೆ ಪ್ಲಾಸ್ಟಿಕ್ ಹೋಗ್ತದಾ?

ಹೋಗುತ್ತದೆ. ಒಳಗೆ ತೆಳುವಾದ ಪ್ಲಾಸ್ಟಿಕ್ ಪದರ ಇಲ್ಲದಿದ್ದರೆ ಕಾಗದ ನೆನೆದು ಹರಿದೇ ಹೋಗುತ್ತಿತ್ತು. ಖರಗಪುರದ ಐಐಟಿಯವರು 2020ರಲ್ಲಿ ಪರೀಕ್ಷಿಸಿದಾಗ, ಕಪ್ಪಿನಲ್ಲಿ 15 ನಿಮಿಷ ನಿಂತ 100 ಮಿಲಿಲೀಟರು ಬಿಸಿ ನೀರಿನಲ್ಲಿ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸಿಕ್ಕಿದವು. ಗಾಜಿನ ಗ್ಲಾಸು ಇಟ್ಟು, ಅದನ್ನು ಬಿಸಿನೀರಿನಲ್ಲಿ ತೊಳೆಯುವ ಅಂಗಡಿಯನ್ನೇ ಹುಡುಕಿ ಹೋಗಿ.

ಡಾರ್ಜಿಲಿಂಗ್ ಚಾ ತಂದೆ, ಹಾಲು ಹಾಕಿ ಕುದಿಸಿದ್ರೆ ರುಚಿಯೇ ಇಲ್ಲ. ಮೋಸ ಹೋದೆನಾ?

ಮೋಸ ಹೋದದ್ದು ಚಾ. ನಮ್ಮ ದೇಶದಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ಮೊದಲ ವಸ್ತು ಡಾರ್ಜಿಲಿಂಗ್ ಚಾ, 2004ರಲ್ಲಿ. ಅದನ್ನು ಕುದಿಸಬಾರದು. ಕುದಿ ಬಂದ ನೀರನ್ನು ಒಲೆಯಿಂದ ಇಳಿಸಿ, ಒಂದು ಕಪ್ಪಿಗೆ ಒಂದು ಚಮಚ ಎಲೆಯಂತೆ ಹಾಕಿ, ಮೂರು ನಿಮಿಷ ಮುಚ್ಚಿಟ್ಟು ಸೋಸಿ. ಹಾಲೂ ಬೇಡ, ಸಕ್ಕರೆಯೂ ಬೇಡ. ಗ್ರೀನ್ ಟೀಗೆ ನೀರು ಇನ್ನೂ ತಣ್ಣಗಿರಬೇಕು, 80 ಡಿಗ್ರಿ ಸಾಕು. ಇಲ್ಲದಿದ್ದರೆ ಕಹಿ ಬಿಡುತ್ತದೆ. ಮೊದಲ ಗುಟುಕಿಗೆ ಏನೂ ಇಲ್ಲವೆನಿಸಬಹುದು. ಕಪ್ಪಿನಿಂದ ಏಳುವ ಹಬೆಗೆ ಮೂಗು ಹಿಡಿಯಿರಿ, ನಿಧಾನಕ್ಕೆ ಹೂವಿನ ಪರಿಮಳ ಬರುತ್ತದೆ. ಡಿಸೆಂಬರ್-ಜನವರಿಯ ಚಳಿಯಲ್ಲಿ ನೀಲಗಿರಿಯಲ್ಲಿ ಕೊಯ್ದ ಎಲೆ ಸಿಕ್ಕರೆ ಅದನ್ನೂ ಹೀಗೆಯೇ ಮಾಡಿ. ಆ ಮಾಲು ನನ್ನ ಅಂಗಡಿಗೆ ಬರುವುದು ಸ್ವಲ್ಪವೇ, ಬಂದಾಗ ಹಳೆಯ ಗಿರಾಕಿಗಳಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ.

ಅಮ್ಮನಿಗೆ 84 ವರ್ಷ. ದಿನಕ್ಕೆ ಆರು ಚಾ ಬೇಕು. ನಿಲ್ಲಿಸಬೇಕಾ?

ಮೊದಲು ರಕ್ತ ಪರೀಕ್ಷೆ ಮಾಡಿಸಿ ಹಿಮೋಗ್ಲೋಬಿನ್, ಸಕ್ಕರೆ ನೋಡಿ. ರಾತ್ರಿ ನಿದ್ದೆ ಬರುತ್ತದಾ ಕೇಳಿ. ಊಟ ಬಿಟ್ಟು ಚಾದಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದಾರಾ ಗಮನಿಸಿ. ವಯಸ್ಸಾದವರಲ್ಲಿ ಇದು ಬಹಳ ಆಗುತ್ತದೆ. ಎಲ್ಲ ಸರಿಯಿದ್ದರೆ ಸಂಖ್ಯೆ ಕಡಿಮೆ ಮಾಡಬೇಡಿ, ಗ್ಲಾಸು ಸಣ್ಣದು ಮಾಡಿ. ಅರ್ಧ ಗ್ಲಾಸಿನ ಆರು ಚಾ ಎಂದರೆ ಮೂರೇ ಆಯಿತು. ಊಟದ ಬೆನ್ನಿಗಿರುವುದನ್ನು ಒಂದು ಗಂಟೆ ಆಚೆಗೆ ತಳ್ಳಿ, ಸಂಜೆ ಆರರ ನಂತರದ್ದಕ್ಕೆ ಕಷಾಯ ಕೊಟ್ಟು ನೋಡಿ. ಮಧ್ಯಾಹ್ನ ಮೂರೂವರೆಯ ಚಾವನ್ನು ಮಾತ್ರ ಮುಟ್ಟಬೇಡಿ. ಆ ಹೊತ್ತಿಗೆ ಪಕ್ಕದ ಮನೆಯ ಬಾಯಮ್ಮ ಬಂದು ಚಾವಡಿಯಲ್ಲಿ ಅವರ ಜೊತೆ ಕೂರುತ್ತಾರೆ ಎಂದು ನೀವೇ ಹೇಳಿದ್ದಿರಿ.